‘ಒಳಗೆ’ ಎನ್ನುವವರು, ‘ವರೆಗೆ’ ಎನ್ನುವವರು

“ಸಾರ್, ಮೂರು ಸಾವಿರದೊಳಗೆ ಒಳ್ಳೇ ಎಸ್‌ಎಸ್‌ಡಿ ಯಾವುದು?”

ಈ ಅಂಕಣಕ್ಕೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಕೇಳುವವರಲ್ಲಿ ಡಿಟಿಪಿ ಅಂಗಡಿಯವರಿದ್ದಾರೆ, ಸಹಕಾರ ಸಂಘದ ಗುಮಾಸ್ತರಿದ್ದಾರೆ, ಓದುವ ಮಗಳ ಹಳೇ ಲ್ಯಾಪ್‌ಟಾಪಿಗೆ ಜೀವ ತುಂಬಿಸಬೇಕೆಂದಿರುವ ಅಪ್ಪಂದಿರಿದ್ದಾರೆ. ಮೂರು ಸಾವಿರ ಒಮ್ಮೆ ಐದಾಗಿದೆ, ಒಮ್ಮೆ ಎರಡಕ್ಕಿಳಿದಿದೆ. ‘ಒಳಗೆ’ ಎನ್ನುವ ಮಾತು ಮಾತ್ರ ಯಾರ ಬಾಯಲ್ಲೂ ತಪ್ಪಿಲ್ಲ. ಅತ್ತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವೇಗದ ಅಂಕಿಯ ಪಕ್ಕ ಸಣ್ಣಕ್ಷರದಲ್ಲಿ ಇನ್ನೊಂದು ಮಾತು ಇದ್ದೇ ಇರುತ್ತದೆ: ‘ವರೆಗೆ’. ಸೆಕೆಂಡಿಗೆ 550 ಎಂಬಿವರೆಗೆ, 3,500 ಎಂಬಿವರೆಗೆ. ಕೊಳ್ಳುವವರ ‘ಒಳಗೆ’ಗೂ ಮಾರುವವರ ‘ವರೆಗೆ’ಗೂ ನಡುವೆ ನಿಂತು ಇಷ್ಟು ವರ್ಷ ಸಲಹೆ ಬರೆದದ್ದಾಯಿತು. ಅಂಗಡಿಯವರು ವರ್ಷದ ಕೊನೆಗೆ ಖಾತೆ ಪುಸ್ತಕ ಬಿಚ್ಚಿ ಕೂರುವಂತೆ ಈ ಸಲ ನಮ್ಮ ಸಲಹೆಗಳ ಕಡತವನ್ನೇ ಬಿಚ್ಚಿ ಕೂತಿದ್ದೇವೆ. ಯಾವ ಮಾತು ನಿಂತಿತು, ಯಾವುದು ಬಿತ್ತು, ಹೇಳಬೇಕಾಗಿದ್ದ ಯಾವುದನ್ನು ಹೇಳಲೇ ಇಲ್ಲ ಎಂಬುದನ್ನು ನೋಡುವುದಕ್ಕೆ.

ಲೆಕ್ಕ 2008ರಿಂದ ಶುರುವಾಗಬೇಕು. ಫ್ಲ್ಯಾಶ್ ಮೆಮೊರಿ ಅಷ್ಟು ಹೊತ್ತಿಗೆ ಹಳೆಯದೇ. ಜಪಾನಿನ ತೊಶಿಬಾದಲ್ಲಿದ್ದ ಫುಜಿಯೊ ಮಸುವೊಕಾ ಅದನ್ನು 1984ರಲ್ಲಿ ಲೋಕದ ಮುಂದಿಟ್ಟರು, ಇಂದಿನ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಬಗೆಯದು 1987ರಲ್ಲಿ ಬಂತು. ಆದರೆ ಮನೆಯ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕಿನ ಜಾಗಕ್ಕೆ ಇದು ನಿಜಕ್ಕೂ ಬರಬಹುದು ಎಂಬ ನಂಬಿಕೆ ಹುಟ್ಟಿದ್ದು 2008ರ ಸೆಪ್ಟೆಂಬರಿನಲ್ಲಿ, ಇಂಟೆಲ್ ತನ್ನ ಎಕ್ಸ್25-ಎಂ ತಂದಾಗ. 80 ಜಿಬಿ, ಬೆಲೆ 595 ಡಾಲರ್. ಅಂದಿನ ದರದಲ್ಲಿ 26 ಸಾವಿರ ರೂಪಾಯಿಗೂ ಮೇಲೆ, ಅಂದರೆ ಜಿಬಿಗೆ ಮುನ್ನೂರಕ್ಕಿಂತ ಹೆಚ್ಚು. ಕಾಯಿರಿ ಎಂಬುದೇ ಆಗ ನಮ್ಮ ಸಲಹೆಯಾಗಿತ್ತು. ಅದು ಸರಿಯಾದ ಸಲಹೆಯೇ, ಆದರೆ ಅದರಲ್ಲಿ ನಮ್ಮ ಜಾಣತನವೇನಿಲ್ಲ. ಜೇಬೇ ಆ ತೀರ್ಮಾನ ಮಾಡಿತ್ತು.

ಅಷ್ಟು ದುಡ್ಡು ಯಾಕೆ ಎಂದು ಕೇಳಿದವರಿಗೆ ಕೊಟ್ಟ ವಿವರಣೆ ಮಾತ್ರ ಇವತ್ತಿಗೂ ನಿಂತಿದೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಐದೂವರೆ. ಅದಕ್ಕೂ ಮೊದಲು ತೋಳು ಸರಿದು ಸರಿಯಾದ ವರ್ತುಲಕ್ಕೆ ಬರಬೇಕು. ಅಲ್ಲೊಂದು ಇಲ್ಲೊಂದು ಚೂರು ಕೇಳುತ್ತಾ ಹೋದರೆ ಸೆಕೆಂಡಿಗೆ ನೂರರ ಆಸುಪಾಸು ಕೊಡುವಷ್ಟರಲ್ಲಿ ಅದು ಸುಸ್ತು. ವಿಂಡೋಸ್ ಏಳುವಾಗ ಕೇಳುವುದೆಲ್ಲ ಇಂಥ ಚೂರುಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವುದಕ್ಕೆ ಏನೂ ಇಲ್ಲ. ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಸುಮಾರಿಗೆ ಉತ್ತರ ಬರುತ್ತದೆ. ಡಬ್ಬಿಯ ಮೇಲಿನ ದಪ್ಪ ಅಂಕಿ ಹೇಳುವುದು ದೊಡ್ಡ ಕಡತವೊಂದು ಸಲೀಸಾಗಿ ಹರಿಯುವ ವೇಗವನ್ನು. ನಮ್ಮ ಯಂತ್ರ ಚುರುಕಾಯಿತು ಎಂದು ನಮಗೆ ಅನ್ನಿಸುವುದು ಚೂರುಗಳಿಗೆ ಸಿಗುವ ಉತ್ತರದಿಂದ. ಆ ಉತ್ತರವನ್ನು ಅಗ್ಗದ ಎಸ್‌ಎಸ್‌ಡಿಯೂ ಬೇಗನೆ ಕೊಡುತ್ತದೆ. ಕೈ ಬಿಗಿಯಿರುವವರಿಗೆ ಈ ಹದಿನೇಳು ವರ್ಷಗಳಲ್ಲಿ ಸಿಕ್ಕಿರುವ ದೊಡ್ಡ ಸಮಾಧಾನ ಇದು.

ಹಾಗಾದರೆ ಬೆಲೆ ಇಳಿದದ್ದು ಹೇಗೆ? ಇದಕ್ಕೆ ನಮ್ಮ ಹಳೇ ಸೇರಿನ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಫ್ಲ್ಯಾಶ್ ಕೋಶವೊಂದನ್ನು ಸೇರು ಎಂದುಕೊಳ್ಳಿ. ತುಂಬಿದೆಯೋ ಖಾಲಿಯೋ ಎಂದಷ್ಟೇ ನೋಡಿದರೆ ಕೋಶಕ್ಕೆ ಒಂದು ಬಿಟ್, ಅದು ಎಸ್‌ಎಲ್‌ಸಿ. ಪಾವಿನ ಲೆಕ್ಕದಲ್ಲಿ ನಾಲ್ಕು ಮಟ್ಟ ಗುರುತಿಸಿದರೆ ಎರಡು ಬಿಟ್, ಎಂಎಲ್‌ಸಿ. ಅರೆಪಾವಿನ ಲೆಕ್ಕಕ್ಕಿಳಿದರೆ ಎಂಟು ಮಟ್ಟ, ಮೂರು ಬಿಟ್, ಟಿಎಲ್‌ಸಿ. ಚಟಾಕಿಗೇ ಇಳಿದರೆ ಹದಿನಾರು ಮಟ್ಟ, ನಾಲ್ಕು ಬಿಟ್, ಕ್ಯೂಎಲ್‌ಸಿ. ಸೇರು ಅಷ್ಟೇ ಇದೆ, ಹಿಡಿಸುವ ಲೆಕ್ಕ ಹೆಚ್ಚುತ್ತಾ ಹೋಯಿತು, ಜಿಬಿಯ ಬೆಲೆ ಇಳಿಯುತ್ತಾ ಬಂತು. ಆದರೆ ಚಟಾಕಿನ ಲೆಕ್ಕದಲ್ಲಿ ಅಳೆದು ಹುಯ್ಯುವುದಕ್ಕೆ ಹೊತ್ತು ಬೇಕು, ಕೈ ನಡುಗಬಾರದು. ಸೇರು ಸವೆದಷ್ಟೂ ಗೆರೆಗಳು ಒಂದಕ್ಕೊಂದು ಬೆರೆಯುತ್ತವೆ.

ನಮ್ಮ ಮೊದಲ ದೊಡ್ಡ ತಪ್ಪು ಆದದ್ದು ಇಲ್ಲೇ. 2012ರಲ್ಲಿ ಸ್ಯಾಮ್‌ಸಂಗ್ 840 ಬಂದು ಟಿಎಲ್‌ಸಿ ಮನೆಬಳಕೆಗೆ ಕಾಲಿಟ್ಟಾಗ ‘ಬೇಗ ಸವೆದುಹೋಗುತ್ತದೆ, ಕೊಳ್ಳಬೇಡಿ’ ಎಂದು ಓದುಗರನ್ನು ಹೆದರಿಸಿದೆವು. 2013ರಿಂದ 2015ರವರೆಗೆ ಅಮೆರಿಕದ ಟೆಕ್ ರಿಪೋರ್ಟ್ ಜಾಲತಾಣ ಆರು ಎಸ್‌ಎಸ್‌ಡಿಗಳಿಗೆ ಪ್ರಾಣ ಹೋಗುವ ತನಕ ಹಗಲೂ ರಾತ್ರಿ ಬರೆಸಿ ನೋಡಿತು. ಅದರಲ್ಲಿದ್ದ ಒಂದೇ ಒಂದು ಟಿಎಲ್‌ಸಿ, ನಾವು ಹೆದರಿಸಿದ್ದ ಅದೇ 840, ಸತ್ತದ್ದು 900 ಟಿಬಿ ದಾಟಿದ ಮೇಲೆ. ಕೊನೆಯವರೆಗೂ ಉಳಿದ 840 ಪ್ರೊ 2,400 ಟಿಬಿ ದಾಟಿತು. ನಮ್ಮ ನಿಮ್ಮ ಬಳಕೆಗೆ ಇಳಿಸಿ ನೋಡಿ: ಪತ್ರ, ಲೆಕ್ಕಪತ್ರ, ಬ್ರೌಸರು, ಸಿನಿಮಾ ಎಲ್ಲ ಸೇರಿ ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ ಏಳೂ ಚಿಲ್ಲರೆ ಟಿಬಿ. 80 ಟಿಬಿ ತಾಳಿಕೆ ಹೇಳಿರುವ ಅಗ್ಗದ 240 ಜಿಬಿಯದೂ ಆ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಮೇಲೆ ಬಾಳಬೇಕು. ಸವೆತದ ಭಯ ಹುಟ್ಟಿಸಿ ಎಷ್ಟು ಜನರನ್ನು ಇನ್ನೊಂದೆರಡು ವರ್ಷ ಗರಗರ ಎನ್ನುವ ಡಿಸ್ಕಿನ ಜೊತೆಗೇ ಕೂರಿಸಿದೆವೋ. ಅದಕ್ಕೆ ಕ್ಷಮೆ ಕೇಳಬೇಕು.

ಎರಡನೆಯದು ತಪ್ಪಿಗಿಂತ ಕುರುಡು ಎನ್ನಬೇಕು. ಮಾದರಿಯ ಹೆಸರು ನೋಡಿ ಶಿಫಾರಸು ಮಾಡುತ್ತಾ ಹೋದೆವು. ಹೆಸರು ಹಾಗೇ ಇದ್ದು ಒಳಗಿನ ಮಾಲು ಬದಲಾಗಬಹುದು ಎಂಬುದನ್ನು ಒತ್ತಿ ಹೇಳಲಿಲ್ಲ. 2014ರಲ್ಲೇ ಕಿಂಗ್‌ಸ್ಟನ್ನಿನ ವಿ300ರಲ್ಲಿ ಮೊದಲಿಗಿಂತ ನಿಧಾನದ ಫ್ಲ್ಯಾಶ್ ಬಂದು ಕೂತದ್ದು ಬಯಲಾಗಿತ್ತು. 2021ರಲ್ಲಿ ಕ್ರೂಶಿಯಲ್ ಪಿ2 ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಸರಿಯಿತು. ಅದೇ ವರ್ಷ ವೆಸ್ಟರ್ನ್ ಡಿಜಿಟಲ್ಲಿನ ಎಸ್‌ಎನ್550ರಲ್ಲಿ ಫ್ಲ್ಯಾಶ್ ಬದಲಾಗಿ, ಕ್ಯಾಶ್ ತುಂಬಿದ ಮೇಲಿನ ಬರೆಯುವ ವೇಗ ಸೆಕೆಂಡಿಗೆ 610 ಎಂಬಿಯಿಂದ 390ಕ್ಕೆ ಬಿತ್ತು. ಮುಂದೆ ಇಂಥ ಬದಲಾವಣೆಗೆ ಬೇರೆ ಮಾದರಿ ಸಂಖ್ಯೆ ಕೊಡುವುದಾಗಿ ಕಂಪನಿ ಹೇಳಬೇಕಾಯಿತು. ಪತ್ರಿಕೆಗಳಲ್ಲಿ ವಿಮರ್ಶೆಗೆ ಬಂದದ್ದು ಒಂದು, ಆರು ತಿಂಗಳ ನಂತರ ಓದುಗರ ಕೈಗೆ ಸಿಕ್ಕಿದ್ದು ಇನ್ನೊಂದು. ಡಬ್ಬಿಯ ಮೇಲಿನ ಅಂಕಿಗೆ ಮಾತ್ರ ಏನೂ ಆಗಿರಲಿಲ್ಲ. ‘ವರೆಗೆ’ ಎಂಬ ಮಾತು ಅದನ್ನು ಕಾಪಾಡುತ್ತಿತ್ತು.

ಕ್ಯಾಶ್ ಎಂದೆ, ಅದನ್ನು ಬಿಡಿಸಿ ಹೇಳಬೇಕು. ಟಿಎಲ್‌ಸಿ, ಕ್ಯೂಎಲ್‌ಸಿ ಎಸ್‌ಎಸ್‌ಡಿಗಳು ಖಾಲಿ ಜಾಗದ ಒಂದು ಪಾಲನ್ನು ಎಸ್‌ಎಲ್‌ಸಿಯಂತೆ ಬಳಸುತ್ತವೆ. ಬಂದ ಮಾಲನ್ನು ಮೊದಲು ಅಂಗಳದಲ್ಲಿ ಸೇರುಗಟ್ಟಲೆ ಸುರಿದುಕೊಂಡು, ಬಿಡುವಾದಾಗ ಚಟಾಕಿನ ಲೆಕ್ಕದಲ್ಲಿ ಅಳೆದು ಒಳಗಿಡುವ ಹಾಗೆ. ಅಂಗಳ ತುಂಬಿದ ಮೇಲೆ ಬಂದ ಗಾಡಿ ಬೀದಿಯಲ್ಲೇ ನಿಲ್ಲಬೇಕು. 2018ರಲ್ಲಿ ಬಂದ ಇಂಟೆಲ್ 660ಪಿಯಂಥ ಮೊದಲ ಕ್ಯೂಎಲ್‌ಸಿಗಳಲ್ಲಿ ಅಂಗಳ ತುಂಬಿದ ಮೇಲೆ ವೇಗ ಸೆಕೆಂಡಿಗೆ 100 ಎಂಬಿಯ ಆಸುಪಾಸಿಗೆ ಇಳಿಯುತ್ತಿತ್ತು. ಹಾರ್ಡ್ ಡಿಸ್ಕಿನ ಮಟ್ಟ ಅದು. ಟ್ಯಾಲಿ ಬರೆಯುವ ಗುಮಾಸ್ತರಿಗೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಮದುವೆ ವಿಡಿಯೊ ಮಾಡುವವರಿಗೆ ನೂರೈವತ್ತು ಜಿಬಿ ಕಾಪಿ ಮಾಡಹೊರಟ ಮೊದಲ ದಿನವೇ ಗೊತ್ತಾಗುತ್ತದೆ. ‘ಕ್ಯೂಎಲ್‌ಸಿ ಕೆಟ್ಟದ್ದು’ ಎಂದು ಇಬ್ಬರಿಗೂ ಒಂದೇ ಮಾತು ಹೇಳಿದ್ದು ನಮ್ಮ ಸೋಮಾರಿತನ.

ಇನ್ನು ನಿಂತ ಸಲಹೆ. ಹೊಸ ಲ್ಯಾಪ್‌ಟಾಪಿಗೆ ದುಡ್ಡಿಲ್ಲದಿದ್ದರೆ ಹಳೆಯದಕ್ಕೆ ಮೊದಲು ಎಸ್‌ಎಸ್‌ಡಿ ಹಾಕಿ ಎಂಬುದು ಒಮ್ಮೆಯೂ ಹುಸಿಯಾಗಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಬಿ.ಎಡ್. ಓದುತ್ತಾಳೆ, ಲ್ಯಾಪ್‌ಟಾಪು ಅಣ್ಣನ ಇಂಜಿನಿಯರಿಂಗ್ ಕಾಲದ್ದು, 2014ರದು. ಅವರ ಮನೆಯ ಊಟದ ಮೇಜಿನ ಮೇಲೆ ಬೋರಲು ಹಾಕಿ ಬಿಚ್ಚಿದೆ. ಸ್ಕ್ರೂಗಳಿಗೆ ಅವರಮ್ಮ ಖಾಲಿ ಒಗ್ಗರಣೆ ಡಬ್ಬಿ ಕೊಟ್ಟರು: ಸಾಸಿವೆ ಬಟ್ಟಲಿಗೆ ಉದ್ದನೆಯವು, ಜೀರಿಗೆ ಬಟ್ಟಲಿಗೆ ಗಿಡ್ಡನೆಯವು, ಮೆಂತ್ಯದ ಬಟ್ಟಲಿಗೆ ಡಿವಿಡಿ ಡ್ರೈವನ್ನು ಹಿಡಿದಿದ್ದ ಒಂಟಿ ಸ್ಕ್ರೂ. ಹಳೇ 500 ಜಿಬಿ ಡಿಸ್ಕಿನ ಜಾಗಕ್ಕೆ 480 ಜಿಬಿಯ ಸಾಟಾ ಎಸ್‌ಎಸ್‌ಡಿ ಕೂತಿತು. ಡಿಸ್ಕಿನಲ್ಲಿ ತುಂಬಿದ್ದು 140 ಜಿಬಿ ಮಾತ್ರ. ಅದನ್ನು ಹಾಗೆಯೇ ಎಸ್‌ಎಸ್‌ಡಿಗೆ ಇಳಿಸಲು ಎರಡು ಗಂಟೆ ಹಿಡಿಯಿತು, ಅಷ್ಟೂ ಹೊತ್ತು ಹಳೇ ಡಿಸ್ಕಿನ ನಿಧಾನಕ್ಕೆ. ಮೊದಲು ಗುಂಡಿ ಒತ್ತಿ ಹಾಲು ಕಾಯಿಸಿಕೊಂಡು ಬಂದರೂ ಸುತ್ತುತ್ತಲೇ ಇರುತ್ತಿದ್ದ ಯಂತ್ರ, ಬದಲಾಯಿಸಿದ ಮೇಲೆ 24 ಸೆಕೆಂಡಿಗೆ ಕೆಲಸಕ್ಕೆ ಸಿದ್ಧ. ಅಮ್ಮ ಬೆರಗಾದರು. ಮಗಳು ಮಾತ್ರ ಪರದೆ ನೋಡುತ್ತಾ ಕೇಳಿದಳು, “ಅಂಕಲ್, ಇದು ಎಷ್ಟು ದಿನ ಹೀಗೇ ಇರುತ್ತೆ?”

ಕೇಳಬೇಕಾದ್ದನ್ನೇ ಕೇಳಿದ್ದಳು. ಅದಕ್ಕೆ ಉತ್ತರ ಹೇಳುವ ಮೊದಲು ನನ್ನದೇ ಒಂದು ಕತೆ ಒಪ್ಪಿಸಬೇಕು. 2019ರಲ್ಲಿ, ಜನರಿಗೆ ಬುದ್ಧಿ ಹೇಳುವ ನಾನೇ, ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಮಳಿಗೆಯಲ್ಲಿ ಹೆಸರು ಕೇಳಿರದ 256 ಜಿಬಿ ಎಸ್‌ಎಸ್‌ಡಿ ಕೊಂಡೆ. “ಬಿಲ್ ಬೇಕಾ ಸಾರ್? ಬೇಡ ಅಂದ್ರೆ ಇನ್ನೂ ಮುನ್ನೂರು ಕಮ್ಮಿ.” ಬೇಡ ಅಂದೆ. ಹನ್ನೊಂದು ತಿಂಗಳಿಗೆ ಒಂದು ಬೆಳಿಗ್ಗೆ ಕಂಪ್ಯೂಟರಿಗೆ ಅದು ಕಾಣಿಸಲೇ ಇಲ್ಲ. ಹಾರ್ಡ್ ಡಿಸ್ಕು ಸಾಯುವ ಮುಂಚೆ ಸಾಮಾನ್ಯವಾಗಿ ಟಕ್ ಟಕ್ ಎಂದು ಸದ್ದು ಮಾಡಿ ಹೇಳಿ ಹೋಗುತ್ತದೆ. ಇದು ಹಿಂದಿನ ರಾತ್ರಿ ಚೆನ್ನಾಗಿಯೇ ಇತ್ತು. ನನ್ನ ಕಣ್ಣೆದುರು ಸತ್ತ ಎಸ್‌ಎಸ್‌ಡಿಗಳಲ್ಲಿ ಕೋಶ ಸವೆದು ಸತ್ತದ್ದು ಒಂದೂ ಇಲ್ಲ. ಎಲ್ಲವೂ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಂಥವೇ. ಮಳಿಗೆಯವನು ಅದನ್ನು ತಿರುಗಿಸಿ ನೋಡಿ, “ಬಿಲ್ ಇದ್ದಿದ್ರೆ ಕಂಪನಿಗೆ ಕಳಿಸಬಹುದಿತ್ತು” ಎಂದ. ಅದರಲ್ಲಿದ್ದ ಎರಡು ವರ್ಷದ ಬರಹದ ಕಡತಗಳಲ್ಲಿ ಅರ್ಧ ಹೋದವು. ಮುನ್ನೂರು ರೂಪಾಯಿ ಉಳಿಸಲು ಮುಗ್ಗಿದ ಜೋಳ ಕೊಂಡವನಾದೆ.

ಆಮೇಲೆ ಹಾಕಿಕೊಂಡ ಕಟ್ಟುಪಾಡುಗಳನ್ನೇ ಆ ಹುಡುಗಿಗೂ ಹೇಳಿದೆ. ಬಿಲ್ ಇಲ್ಲದೆ ಕೊಳ್ಳಬಾರದು. ಮೂರು ವರ್ಷಕ್ಕೆ ಕಡಿಮೆ ವಾರಂಟಿ ಬೇಡ, ಐದಿದ್ದರೆ ಮೇಲು. ತಾಳಿಕೆ ಎಷ್ಟು ಟಿಬಿ ಎಂದು ಕಂಪನಿ ಬರೆದು ಕೊಟ್ಟಿರಬೇಕು. ಆ ಅಂಕಿ ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ, ಬರೆದು ಕೊಡುವ ಧೈರ್ಯ ಅವರಿಗಿದೆಯೋ ಎಂಬುದನ್ನು ನೋಡಬೇಕು. ಮತ್ತು ಹಳೇ ಹಾರ್ಡ್ ಡಿಸ್ಕನ್ನು ಎಸೆಯಬಾರದು. ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ ಹಾಕಿ ಡಿಸ್ಕನ್ನು ಅಲ್ಲೇ ಕೂರಿಸಬಹುದು, 9.5 ಮಿ.ಮೀ., 12.7 ಮಿ.ಮೀ. ಎಂದು ಎರಡು ದಪ್ಪದ ಕ್ಯಾಡಿ ಬರುತ್ತವೆ, ಅಳೆದು ತರಬೇಕು. ಇನ್ನೂ ವಾಸಿಯೆಂದರೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೀರುವಿನಲ್ಲಿಟ್ಟು, ವಾರಕ್ಕೊಮ್ಮೆ ತೆಗೆದು ಬ್ಯಾಕಪ್ ಮಾಡುವುದು. ವೇಗಕ್ಕೆ ಹೊಸದು, ನೆನಪಿಗೆ ಹಳೆಯದು. ಬಳಸಿ ಸವೆದ ಎಸ್‌ಎಸ್‌ಡಿಯನ್ನು ಕರೆಂಟು ತಾಗಿಸದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಕೋಶಗಳಲ್ಲಿನ ಚಾರ್ಜು ಸೋರಿಹೋಗಬಹುದು. ತಾಳಿಕೆ ಮುಗಿದ ಮೇಲೆ 30 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಉಳಿಸಿಕೊಂಡರೆ ಸಾಕೆಂದು ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಎಂಬ ಉದ್ಯಮ ಸಂಸ್ಥೆಯ ಮಾನದಂಡ ಹೇಳುತ್ತದೆ. ಹಾಗಾಗಿ ಬೀರುವಿಗೆ ಹಳೇ ಡಿಸ್ಕೇ ಸರಿ.

ಹೇಳಬೇಕಾಗಿದ್ದು, ಹೇಳದೆ ಬಿಟ್ಟದ್ದೂ ಇದೆ. ತೆಳ್ಳನೆಯ ಎಂ.2 ಪಟ್ಟಿಗಳು ಬಂದಾಗ ‘ಚಿಕ್ಕದು, ಚೊಕ್ಕದು’ ಎಂದು ಹೊಗಳಿದೆವು. ಒಂದೇ ಆಕಾರದಲ್ಲಿ ಎರಡು ಭಾಷೆ ಮಾತಾಡುವ ಎಸ್‌ಎಸ್‌ಡಿಗಳಿವೆ, ಸಾಟಾ ಬಗೆಯದು ಮತ್ತು ಎನ್‌ವಿಎಂಇ ಬಗೆಯದು, ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆವು. ಸಾಟಾ ಮಾತ್ರ ಬಲ್ಲ ಸ್ಲಾಟಿಗೆ ಎನ್‌ವಿಎಂಇ ತಂದು, ಡಬ್ಬಿ ಹರಿದಿದ್ದಕ್ಕೆ ಅಂಗಡಿಯವನು ವಾಪಸ್ ತೆಗೆದುಕೊಳ್ಳದಿದ್ದಾಗ ಓದುಗರೊಬ್ಬರು ಬರೆದ ಪತ್ರ ಇನ್ನೂ ಕಡತದಲ್ಲಿದೆ. ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ, ಒಂದೇ ಕಚ್ಚಿದ್ದರೆ ಹೆಚ್ಚಾಗಿ ಎನ್‌ವಿಎಂಇ. ಆದರೆ ಕಚ್ಚು ನೋಡಿ ನಂಬದೆ ಲ್ಯಾಪ್‌ಟಾಪಿನ ಮಾದರಿಯ ಕೈಪಿಡಿ ನೋಡಿ ಕೊಳ್ಳಿ. ಎನ್‌ವಿಎಂಇಯಲ್ಲೂ ತಲೆಮಾರುಗಳಿವೆ: ಮೂರನೇ ತಲೆಮಾರಿನ ಸ್ಲಾಟಿಗೆ ನಾಲ್ಕನೇ ತಲೆಮಾರಿನದು ಹಾಕಿದರೆ ಕೆಲಸ ಮಾಡುತ್ತದೆ, ಓಡುವುದು ಮೂರನೆಯದರ ವೇಗದಲ್ಲೇ. ಆ ಹೆಚ್ಚಿನ ದುಡ್ಡು ರ್‍ಯಾಮಿಗೆ ಹೋಗಲಿ.

‘ಡಿರ್‍ಯಾಮ್ ಇಲ್ಲದ್ದು ಬೇಡ’ ಎಂಬ ನಮ್ಮ ಇನ್ನೊಂದು ಸಲಹೆಯೂ ಅರ್ಧ ಹಳತಾಗಿದೆ. ಯಾವ ಕಡತ ಯಾವ ಕೋಶದಲ್ಲಿದೆ ಎಂಬ ವಿಳಾಸಪಟ್ಟಿಯನ್ನು ಎಸ್‌ಎಸ್‌ಡಿ ತನ್ನ ಡಿರ್‍ಯಾಮಿನಲ್ಲಿ ಇಟ್ಟುಕೊಂಡರೆ ಬೇಗ ಸಿಗುತ್ತದೆ. ಸಾಟಾದಲ್ಲಿ ಅದಿದ್ದರೆ ಈಗಲೂ ಅನುಕೂಲ. ಎನ್‌ವಿಎಂಇಯಲ್ಲಿ ಕಂಪ್ಯೂಟರಿನ ರ್‍ಯಾಮಿನಲ್ಲೇ ಚೂರು ಜಾಗ ಕಡ ಪಡೆಯುವ ಏರ್ಪಾಡಿದೆ. 2017ರ ನಂತರದ ವಿಂಡೋಸ್ 10 ಅದನ್ನು ಬಲ್ಲದು. ಡಿರ್‍ಯಾಮ್ ಇಲ್ಲದ ಟಿಎಲ್‌ಸಿ ಎನ್‌ವಿಎಂಇ ಇವತ್ತು ಕೈ ಬಿಗಿಯಿರುವವರಿಗೆ ತಕ್ಕ ಮಾಲು.

ಗಾತ್ರದ ಮಾತು. 240 ಜಿಬಿ ಎಂದು ಕೊಂಡದ್ದು ವಿಂಡೋಸಿನಲ್ಲಿ 223 ಆಗಿ ಕಾಣುತ್ತದೆ; ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ವಿಂಡೋಸ್ 1,024ರದು. ಮೋಸವಲ್ಲ, ಆದರೆ ಜಾಗ ಬೇಗ ತುಂಬುತ್ತದೆ. ತುಂಬಿದಷ್ಟೂ ಆ ಕ್ಯಾಶಿನ ಅಂಗಳ ಕಿರಿದಾಗುತ್ತದೆ. ಚಿಕ್ಕ ಗಾತ್ರದಲ್ಲಿ ಒಟ್ಟಿಗೆ ಬರೆಯುವ ಚಿಪ್ಪುಗಳೂ ಕಡಿಮೆ. ವೇಗದ 240ಕ್ಕಿಂತ ಸಾಧಾರಣ 480 ಅಥವಾ 500 ಕೊಳ್ಳಿ, ಕಾಲುಭಾಗವನ್ನಾದರೂ ಖಾಲಿ ಬಿಡಿ. ಈ ಒಂದು ಸಲಹೆಯನ್ನು ಮೊದಲಿನಿಂದ ಹೇಳಿದ್ದೇವೆ, ಇಂದಿಗೂ ಬದಲಿಸಬೇಕಾಗಿಲ್ಲ.

ಬೆಲೆಯ ಭವಿಷ್ಯ ಹೇಳುವುದರಲ್ಲಿ ನಾವು ಸೋತಷ್ಟು ಇನ್ನೆಲ್ಲೂ ಸೋತಿಲ್ಲ. 2017ರಲ್ಲಿ ಕೊರತೆಯಾಗಿ ಏರಿತು, 2019ರಲ್ಲಿ ಇಳಿಯಿತು. 2022ರ ಫೆಬ್ರವರಿಯಲ್ಲಿ ಜಪಾನಿನ ಯೊಕ್ಕೈಚಿ ಮತ್ತು ಕಿಟಕಾಮಿಯ ಕಾರ್ಖಾನೆಗಳಲ್ಲಿ ಕಚ್ಚಾವಸ್ತು ಕಲುಷಿತವಾದಾಗ ಬೆಲೆ ಏರುತ್ತದೆಂದು ಬರೆದೆವು. ಮುಂದಿನ ವರ್ಷವೇ ಮಾಲು ಕೊಳೆಯುವಷ್ಟಾಗಿ, 2023ರ ನಡುವೆ 1 ಟಿಬಿ ಎನ್‌ವಿಎಂಇ ಐದು ಸಾವಿರದೊಳಗೆ ಸಿಕ್ಕಿತು. ಜಿಬಿಗೆ ಐದು ರೂಪಾಯಿಗೂ ಕಡಿಮೆ. ಆಗ ಬರೆದದ್ದು: ‘ಇನ್ನೂ ಇಳಿಯುತ್ತದೆ, ಅವಸರ ಬೇಡ.’ ಇಳಿಯಲಿಲ್ಲ. ಕಂಪನಿಗಳು ಉತ್ಪಾದನೆ ತಗ್ಗಿಸಿ ಬೆಲೆಯನ್ನು ಮೇಲೆತ್ತಿದವು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿ ಅಂಗಡಿಯ ಬೆಲೆ ಮತ್ತೆ ಹಾರಿತು. ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಮನೆಬಳಕೆ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಬಡವರ ಎಸ್‌ಎಸ್‌ಡಿ ಎಂದು ನಾವು ಎಷ್ಟೋ ಸಲ ಬರೆದ ಹೆಸರು ಅದು. ಫ್ಲ್ಯಾಶ್ ತಯಾರಿಸುವ ದೊಡ್ಡ ಕಂಪನಿಗಳು ಲೋಕದಲ್ಲಿ ಬೆರಳೆಣಿಕೆಯಷ್ಟೇ. ಅವರ ಲೆಕ್ಕಾಚಾರ ಊಹಿಸಿ ಹಣ ಉಳಿಸುವ ಆಟ ನಮ್ಮ ಓದುಗರದಲ್ಲ. ಇನ್ನು ಮುಂದೆ ‘ಕಾಯಿರಿ’ ಎಂದು ಬರೆಯುವುದಿಲ್ಲ. ಕೆಲಸ ನಿಂತಿದ್ದರೆ ಕೊಳ್ಳಿ, ನಿಂತಿಲ್ಲದಿದ್ದರೆ ಬಿಡಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಆ ಹುಡುಗಿಯ 2014ರ ಲ್ಯಾಪ್‌ಟಾಪಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಎಸ್‌ಎಸ್‌ಡಿ ವೇಗ ಕೊಡುತ್ತದೆ, ಸುರಕ್ಷತೆಯ ಅಪ್‌ಡೇಟ್ ಕೊಡುವುದಿಲ್ಲ. ಲಿನಕ್ಸಿಗೆ ಹೋಗುವ ಮನಸ್ಸಿದೆಯೇ ಎಂದು ದುಡ್ಡು ಸುರಿಯುವ ಮೊದಲೇ ಕೇಳಬೇಕು. ಅವಳನ್ನು ನಾನು ಕೇಳಿದ್ದು ಸ್ಕ್ರೂ ಬಿಗಿದ ಮೇಲೆ. ಅದೂ ತಪ್ಪುಗಳ ಪಟ್ಟಿಗೆ ಸೇರಲಿ.

ಇಷ್ಟೆಲ್ಲ ಲೆಕ್ಕದ ಮೇಲೆ ಒಂದು ಬೇಡಿಕೆ ಇಡುವುದು ನ್ಯಾಯ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಮೈದಾ ಎಷ್ಟು ಪಾಲು, ಎಣ್ಣೆ ಯಾವುದು ಎಂದು ಬರೆದಿರುತ್ತದೆ. ಫ್ಯಾನಿನ ಮೇಲೆ ನಕ್ಷತ್ರ ಎಣಿಸಿ ಕೊಳ್ಳುತ್ತೇವೆ. ಮೂರು ಸಾವಿರದ ಎಸ್‌ಎಸ್‌ಡಿ ಡಬ್ಬಿಯ ಮೇಲೆ ಒಳಗಿರುವುದು ಟಿಎಲ್‌ಸಿಯೋ ಕ್ಯೂಎಲ್‌ಸಿಯೋ, ಕ್ಯಾಶ್ ತುಂಬಿದ ಮೇಲೆ ವೇಗ ಎಷ್ಟು ಎಂದು ಎರಡು ಸಾಲು ಬರೆಯಲು ಜಾಗವಿಲ್ಲವೇ? ಮಾಲು ಬದಲಾದರೆ ಮಾದರಿ ಸಂಖ್ಯೆಯೂ ಬದಲಾಗಲಿ. ಸ್ಯಾಮ್‌ಸಂಗ್, ಸ್ಯಾನ್‌ಡಿಸ್ಕ್‌ನಂಥ ಕಂಪನಿಗಳ ಇಂಜಿನಿಯರುಗಳು ನಮ್ಮ ಬೆಂಗಳೂರಿನಲ್ಲೇ ಕೂತು ಈ ಕೆಲಸ ಮಾಡುತ್ತಾರೆ. ಒಳಗೆ ಏನಿದೆ ಎಂದು ಎಸ್.ಪಿ. ರಸ್ತೆಯ ಗಿರಾಕಿಗೂ ಗೊತ್ತಾಗಲಿ.

ಹನ್ನೊಂದು ತಿಂಗಳಿಗೆ ಸತ್ತ ಆ ಎಸ್‌ಎಸ್‌ಡಿ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಅದರ ಡಬ್ಬಿಯ ಮೇಲೆ ‘520 ಎಂಬಿವರೆಗೆ’ ಎಂದಿದೆ. ಈ ಬರಹ ಮುಗಿಸುವ ಮುನ್ನ ಒಮ್ಮೆ ತೆಗೆದು ನೋಡಿದೆ. ಕಡತದಲ್ಲಿದ್ದ ನಮ್ಮ ಸಲಹೆಗಳೂ ಒಂದೊಂದು ‘ವರೆಗೆ’ಯನ್ನು ಒಳಗಿಟ್ಟುಕೊಂಡೇ ಬಂದಿದ್ದವು: ಟಿಎಲ್‌ಸಿ ಬೇಡ ಎಂದದ್ದು 2015ರವರೆಗೆ, ಡಿರ್‍ಯಾಮ್ ಬೇಕೇ ಬೇಕು ಎಂದದ್ದು 2017ರವರೆಗೆ, ಕಾಯಿರಿ ಎಂದದ್ದು 2023ರವರೆಗೆ. ನಾವದನ್ನು ಅಚ್ಚು ಹಾಕಲಿಲ್ಲ, ಅಷ್ಟೇ. ಈ ಸಲ ಹಾಕುತ್ತೇವೆ. ಮೇಲೆ ಹೇಳಿದ್ದೆಲ್ಲ ಮುಂದಿನ ಸಿಂಹಾವಲೋಕನದವರೆಗೆ. ಬಿಲ್ ಮತ್ತು ಬ್ಯಾಕಪ್ ಎರಡಕ್ಕೆ ಮಾತ್ರ ಆ ಗಡುವಿಲ್ಲ.